ಬೆಳಗಾವಿಯ ಲಸಿಕಾಗೃಹವೂ ದೇವಿಯ ಬೇನೆಯೂ

ಗೋಕಾಕ, ಹುಕ್ಕೇರಿ, ಹಾಗೂ ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ, ಈ ಸೀಮೆಯ ಆಡುಮಾತಿನಲ್ಲಿ ‘ದೇವಿ’ ಎಂಬ ಶಬ್ದಕ್ಕೆ ದೇವತೆಯೆಂಬ ಅರ್ಥವಲ್ಲದೆ ಬೇರೆ ಎರಡು ಅರ್ಥಗಳುಂಟು. ಕೂಸಿಗೆ ‘ದೇವಿ ಬಂದಿದೆ’ ಎಂದರೆ ಸಿಡುಬಿನ ಬೇನೆ ಬಂದಿದೆಯೆಂದು ತಿಳಿಯಬೇಕು. ‘ದೇವಿ ಹಾಕಿಸಿದೆ’ ಎಂದರೆ ಆ ಬೇನೆ ಬಾರದಂತೆ ರಟ್ಟೆಗೆ ಲಸಿಕೆ ಚುಚ್ಚಿಸಿದೆಯೆಂದು ತಿಳಿಯಬೇಕು. ವ್ಯಾಧಿಗೂ ಅದರ ಪ್ರತೀಕಾರಕ್ಕೂ ಒಂದೇ ಹೆಸರನ್ನಿಟ್ಟ ಜನರ ಬುದ್ಧಿಯಲ್ಲಿ ಒಂದು ಸೂಕ್ಷ್ಮವೂ ಅಡಗಿದೆ. ಏಕೆಂದರೆ ಎರಡೂ ಒಂದೇ ಕುಲದ ಅಣುಜೀವಿಗಳ ಕಾರ್ಯವೇ. ಇವುಗಳಲ್ಲಿ ಮೊದಲನೆಯ ಅರ್ಥವು ಇಂದು ಲೋಕದಿಂದಲೇ ಅಳಿದುಹೋಗಿದೆ. ಎರಡನೆಯದರ ಗುರುತು ಮಾತ್ರ ಐವತ್ತು ದಾಟಿದವರ ರಟ್ಟೆಯ ಮೇಲೆ ದುಂಡನೆಯ ಕಲೆಯಾಗಿ ಉಳಿದಿದೆ.

ಶಾಲೆಯ ಪುಸ್ತಕಗಳಲ್ಲಿ ಈ ಕಥೆಯನ್ನು ಬಹು ಸಂಕ್ಷೇಪವಾಗಿ ಹೇಳುವ ರೂಢಿಯಿದೆ. 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಆಕಳ ಸಿಡುಬಿನ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಬಾಲಕನ ಕೈಗೆ ಹಚ್ಚಿದನು. ಅಲ್ಲಿಂದ ಮುಂದೆ ಸಿಡುಬು ಜಗತ್ತನ್ನು ಬಿಟ್ಟುಹೋಯಿತು ಎಂದು ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಆದರೆ ಹಿಂದೂಸ್ಥಾನವು ಸಿಡುಬಿನಿಂದ ಮುಕ್ತವಾಯಿತೆಂದು ಸಾರಲ್ಪಟ್ಟದ್ದು 1977ರಲ್ಲಿ. ಉಪಾಯವು ತಿಳಿದ ಮೇಲೂ 181 ವರ್ಷಗಳು ಏಕೆ ಬೇಕಾದವು? ಜನರ ಅಜ್ಞಾನವೆಂದೂ ಮೂಢನಂಬಿಕೆಯೆಂದೂ ಸರಕಾರೀ ವರದಿಗಳು ಬಹುಕಾಲ ದೂರಿದವು. ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವು ಔಷಧವನ್ನು ಮಾಡುವ, ಕೆಡದಂತೆ ಇಡುವ, ಪರೀಕ್ಷಿಸುವ ವಿಧಾನಕ್ಕೆ ಸಂಬಂಧಿಸಿದ್ದು; ಮತ್ತು ಆ ಅರ್ಧದ ಒಂದು ದೊಡ್ಡ ಭಾಗವು ಬೆಳಗಾವಿಯಲ್ಲಿಯೇ ನಡೆಯಿತು.

ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ಬೇನೆಗೆ ‘ಮಸೂರಿಕಾ’ ಎಂದು ಹೆಸರು. ಗುಳ್ಳೆಗಳು ಮಸೂರ ಬೇಳೆಯ ಆಕಾರದಲ್ಲಿರುವುದರಿಂದ ಈ ಹೆಸರು ಬಂದಿತು. ಸುಶ್ರುತನು ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಎಣಿಸಿ ಸುಮ್ಮನಾಗಿದ್ದಾನೆ. ಮಾಧವನಿದಾನದ ಕಾಲಕ್ಕೆ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕಾಯಿತು. 16ನೆಯ ಶತಮಾನದ ಭಾವಪ್ರಕಾಶದಲ್ಲಿ ಶೀತಲಾದೇವಿಯ ಹೆಸರೂ ಸೇರಿತು. ಕ್ಷುದ್ರವೆನಿಸಿದ್ದು ಕ್ರಮೇಣ ದೇವತೆಯಾದುದನ್ನು ನೋಡಿದರೆ ಬೇನೆಯು ಉಗ್ರವಾಗುತ್ತ ಬಂದಿತೆಂದು ಊಹಿಸಬಹುದಾಗಿದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಜೆನ್ನರನಿಗಿಂತ ಮೊದಲೇ ಧನ್ವಂತರಿಯು ಆಕಳ ಕೆಚ್ಚಲಿನ ಗುಳ್ಳೆಯ ರಸವನ್ನು ಚುಚ್ಚುವ ವಿಧಿಯನ್ನು ಹೇಳಿದ್ದಾನೆಂಬ ಮಾತು ಇಂದಿಗೂ ಭಾಷಣಗಳಲ್ಲಿ ಕೇಳಬರುತ್ತದೆ. ಇದರ ಮೂಲವು 1819ರಲ್ಲಿ ಮದರಾಸಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಕಾಗದ. ಅದರಲ್ಲಿ ಹೇಳಿದ ಗ್ರಂಥವು ಎಲ್ಲಿಯೂ ದೊರೆತಿಲ್ಲ. ಜನರನ್ನು ಲಸಿಕೆಗೆ ಒಲಿಸಬೇಕೆಂಬ ಸದುದ್ದೇಶದಿಂದ ಕಂಪನಿಯ ಕಾಲದಲ್ಲಿ ಹೆಣೆದ ಕಲ್ಪನೆ ಅದೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಸಂಸ್ಕೃತವನ್ನು ಪ್ರೀತಿಸುವವರು ಅದರ ಹೆಸರಿನಲ್ಲಿ ಹುಟ್ಟಿದ ಕೃತಕ ವಚನಗಳನ್ನು ಮೊದಲು ಬಿಡಬೇಕು. ಸಂಸ್ಕೃತವು ಈ ವಿದ್ಯೆಗೆ ನಿಜವಾಗಿ ಕೊಟ್ಟದ್ದು ಒಂದು ಒಳ್ಳೆಯ ಹೆಸರನ್ನು. ವ್ರಣದಲ್ಲಿ ತೊಗಲಿನ ಒಳಗಿನಿಂದ ಒಸರುವ ನೀರಿಗೆ ಚರಕನು ‘ಲಸೀಕಾ’ ಎಂದಿದ್ದಾನೆ. ‘ಲಸಿಕೆ’ ಎಂಬ ಇಂದಿನ ಮಾತು ಅದರಿಂದಲೇ ಬಂದುದು. ಇಂಗ್ಲಿಷಿನ ‘ವ್ಯಾಕ್ಸಿನ್’ ಶಬ್ದವಾದರೋ ಆಕಳೆಂಬ ಅರ್ಥದ ಲ್ಯಾಟಿನ್ ‘ವಾಕ್ಕಾ’ದಿಂದ ಹುಟ್ಟಿತು, ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ ‘ವಶಾ’ ಶಬ್ದದೊಡನೆ ಹೋಲಿಸುವುದುಂಟು. ಇರಲಿ.

ಲಸಿಕೆಯು ಈ ದೇಶಕ್ಕೆ ಬಂದ ಬಗೆಯನ್ನು ನೋಡಿದರೆ ಮುಂದಿನ ತೊಡಕೆಲ್ಲ ಬೀಜರೂಪದಲ್ಲಿ ಕಾಣುತ್ತದೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಕಳಿಸಿದ ರಸವು ಉಷ್ಣವಲಯವನ್ನು ದಾಟುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಕಡೆಗೆ ವಿಯೆನ್ನಾ ನಗರದ ವೈದ್ಯ ಜಾಂ ದ ಕಾರೋ ಎಂಬವನು ರಸದಲ್ಲಿ ನೆನೆಸಿದ ನೂಲನ್ನು ಎರಡು ಗಾಜುಗಳ ನಡುವೆ ಇಟ್ಟು, ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ಉಂಡೆಮಾಡಿ, ಭೂಮಾರ್ಗವಾಗಿ ಬಾಗ್ದಾದಿಗೆ ಕಳಿಸಿದನು. ಅಲ್ಲಿಂದ ಬಸರಾ, ಬಸರಾದಿಂದ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ಕೈಯಲ್ಲಿ ಗುಳ್ಳೆ ಎದ್ದಿತು. ಆ ಒಂದು ಮಗುವಿನ ರಟ್ಟೆಯಿಂದ ತೆಗೆದ ರಸವೇ ಪುಣೆ, ಸೂರತ್, ಹೈದರಾಬಾದು, ಮದರಾಸುಗಳಿಗೆ ಹೋಯಿತು.

ಆಗಿನ ಕಾಲಕ್ಕೆ ಲಸಿಕೆಯನ್ನು ಜೀವಂತವಾಗಿಡುವ ಪಾತ್ರೆ ಯಾವುದು? ಮಗುವಿನ ಮೈಯೇ ಪಾತ್ರೆ. ಲಸಿಕೆ ಹಾಕಿದ ಎಂಟನೆಯ ದಿನ ಗುಳ್ಳೆಯು ಪಕ್ವವಾದಾಗ ಅದರ ರಸವನ್ನು ತೆಗೆದು ಮುಂದಿನ ಮಗುವಿಗೆ ಹಚ್ಚಬೇಕು, ಅದರಿಂದ ಮತ್ತೊಂದಕ್ಕೆ. 1803ರಲ್ಲಿ ಸ್ಪೇನ್ ದೇಶದ ಬಾಲ್ಮಿಸ್ ಎಂಬ ವೈದ್ಯನು 22 ಅನಾಥ ಬಾಲಕರನ್ನು ಹಡಗಿನಲ್ಲಿ ಕೂಡಿಸಿಕೊಂಡು, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಅಮೆರಿಕ ಖಂಡಕ್ಕೆ ಲಸಿಕೆಯನ್ನು ಒಯ್ದದ್ದು ಪ್ರಸಿದ್ಧವಾಗಿದೆ. ಮುಂಬಯಿ ಇಲಾಖೆಯಲ್ಲಿ 1827ರಿಂದ ತಿರುಗುವ ಲಸಿಕೆಗಾರರ ವ್ಯವಸ್ಥೆ ನಡೆಯಿತು. ಲಸಿಕೆಗಾರನು ಹಿಂದಿನ ಊರಲ್ಲಿ ಲಸಿಕೆ ಹಾಕಿಸಿಕೊಂಡ ಮಗುವನ್ನು, ಅದರ ತಾಯಿಗೆ ಏನಾದರೂ ಕೊಟ್ಟೋ ಗದರಿಸಿಯೋ, ಮುಂದಿನ ಊರಿಗೆ ಕರೆದೊಯ್ಯಬೇಕಾಗುತ್ತಿತ್ತು. ಕೂಸಿನ ಹಸಿಗಾಯವನ್ನು ಮತ್ತೆ ಕೆದಕಲು ಯಾವ ತಾಯಿ ಒಪ್ಪಿಯಾಳು? ಇನ್ನೊಂದು ಜಾತಿಯ ಕೂಸಿನ ಮೈನೀರನ್ನು ತಮ್ಮ ಕೂಸಿಗೆ ಸೇರಿಸಲು ಯಾವ ಮನೆಯವರು ಒಪ್ಪಿಯಾರು? ಇದನ್ನು ಬರಿಯ ಮಡಿಯ ಹಟವೆಂದು ನಗುವಂತಿಲ್ಲ. ಕೈಯಿಂದ ಕೈಗೆ ದಾಟಿಸುವ ಪದ್ಧತಿಯಲ್ಲಿ ಉಪದಂಶದಂಥ ಘೋರ ರೋಗಗಳೂ ದಾಟಿದ ಉದಾಹರಣೆಗಳು ಯುರೋಪಿನಲ್ಲಿಯೇ ಸಿದ್ಧವಾದವು. ಶಾಸ್ತ್ರವು ತಡವಾಗಿ ಕಂಡದ್ದನ್ನು ತಾಯಂದಿರು ಬೇರೆ ಕಾರಣದಿಂದ ಮೊದಲೇ ಶಂಕಿಸಿದ್ದರು, ಅಷ್ಟೆ.

ಈ ದೋಷಕ್ಕೆ ಪರಿಹಾರವು ಇಟಲಿಯ ನೇಪಲ್ಸ್ ನಗರದಿಂದ ಬಂದಿತು. ಅಲ್ಲಿಯ ವೈದ್ಯರು ಲಸಿಕೆಯನ್ನು ಕರುವಿನ ಮೈಮೇಲೆಯೇ ಬೆಳೆಸುತ್ತಿದ್ದರು. 1864ರಲ್ಲಿ ಆ ವಿದ್ಯೆ ಪ್ಯಾರಿಸಿಗೆ ಹೋಗಿ ಅಲ್ಲಿಂದ ಎಲ್ಲೆಡೆ ಹರಡಿತು. 1891ರಲ್ಲಿ ಇಂಗ್ಲೆಂಡಿನ ಮಾಂಕ್ಟನ್ ಕೋಪ್‌ಮನ್ ಎಂಬವನು ಅದಕ್ಕೆ ಗ್ಲಿಸರಿನ್ ಸೇರಿಸುವ ಗುಣವನ್ನು ಪ್ರಕಟಿಸಿದನು. ಅದರ ವಿಶೇಷವೇನೆಂದರೆ ಗ್ಲಿಸರಿನ್ನು ಕೀವಿನಲ್ಲಿರುವ ಇತರ ಕ್ರಿಮಿಗಳನ್ನು ಕೆಲವು ವಾರಗಳಲ್ಲಿ ಮೆಲ್ಲಮೆಲ್ಲನೆ ಕೊಲ್ಲುತ್ತದೆ, ಲಸಿಕೆಯ ಬೀಜವನ್ನು ಮಾತ್ರ ಬಹುಮಟ್ಟಿಗೆ ಉಳಿಸುತ್ತದೆ. ಮದರಾಸಿನ ಗಿಂಡಿಯಲ್ಲಿ 1899ರಲ್ಲಿ ಸ್ಥಾಪಿತವಾದ ಕಿಂಗ್ ಸಂಸ್ಥೆಯು ದಕ್ಷಿಣದಲ್ಲಿ ಈ ಕಾರ್ಯಕ್ಕೆ ಹೆಸರಾಯಿತು. ಮುಂಬಯಿ ಇಲಾಖೆಗೆ ಬೇಕಾದ ಲಸಿಕೆಗಾಗಿ 20ನೆಯ ಶತಮಾನದ ಮೊದಲ ದಶಕದಲ್ಲಿ ಬೆಳಗಾವಿಯಲ್ಲಿ ಲಸಿಕಾಗೃಹವು ನೆಲೆಗೊಂಡಿತು. ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದ ಊರು, ಸಹ್ಯಾದ್ರಿಯ ತಂಪುಗಾಳಿ, ಸಮೀಪದಲ್ಲಿಯೇ ದನಕರುಗಳು, ಮುಂಬಯಿ ಮದರಾಸುಗಳೆರಡಕ್ಕೂ ಉಗಿಬಂಡಿಯ ದಾರಿ. ಇಂಥ ಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ನೆಲೆಯನ್ನು ಈ ಭಾಗದಲ್ಲಿ ಹುಡುಕುವುದು ಕಠಿಣವೇ ಸರಿ.

ಕರುವಿನ ಮೈಮೇಲೆ ಔಷಧವನ್ನು ಬೆಳೆಯುವುದು ಹೊಲದ ಬೆಳೆಯನ್ನು ಹೋಲುವ ಕೆಲಸ. ಹಿಂದೂಸ್ಥಾನದಲ್ಲಿ ಇದಕ್ಕೆ ಬಹುಮಟ್ಟಿಗೆ ಎಮ್ಮೆಯ ಕರುಗಳನ್ನು ಬಳಸುತ್ತಿದ್ದರು. ಕರುವನ್ನು ಮೊದಲು ಕೆಲವು ದಿನ ಬೇರೆಯಾಗಿ ಕಟ್ಟಿ ರೋಗವಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಹೊಟ್ಟೆಯ ಮತ್ತು ಪಕ್ಕೆಯ ಕೂದಲನ್ನು ಬೋಳಿಸಿ, ತೊಳೆದು, ತೊಗಲಿನ ಮೇಲೆ ಸಾಲುಸಾಲಾಗಿ ಗೀರು ಎಳೆದು, ಅದರಲ್ಲಿ ಬೀಜಲಸಿಕೆಯನ್ನು ತೀಡಬೇಕು. ಸುಮಾರು ಐದು ದಿನಗಳಲ್ಲಿ ಗೀರುಗಳುದ್ದಕ್ಕೂ ಗುಳ್ಳೆಗಳು ಏಳುತ್ತವೆ. ಮತ್ತೆ ತೊಳೆದು, ಹರಿತವಾದ ಅಂಚುಳ್ಳ ಚಮಚದಿಂದ ಅದನ್ನು ಕೆರೆದು ತೆಗೆದು, ತೂಗಿ, ಗ್ಲಿಸರಿನ್ನಿನೊಡನೆ ನುಣ್ಣಗೆ ಅರೆದು, ಶೈತ್ಯದಲ್ಲಿ ವಾರಗಟ್ಟಲೆ ಇಡಬೇಕು. ಈ ನಡುವೆ ಸ್ವಲ್ಪ ಸ್ವಲ್ಪ ತೆಗೆದು ಕ್ರಿಮಿಗಳನ್ನು ಬೆಳೆಸುವ ತಟ್ಟೆಯಲ್ಲಿ ಹಾಕಿ ನೋಡುತ್ತ ಹೋಗಬೇಕು. ಇತರ ಕ್ರಿಮಿಗಳ ಸಂಖ್ಯೆ ಇಳಿಯಬೇಕು. ಆದರೆ ಲಸಿಕೆಯ ಶಕ್ತಿ ಇಳಿಯಬಾರದು. ಒಂದನ್ನು ಹೆಚ್ಚು ಕಾದರೆ ಇನ್ನೊಂದು ಹೋಗುತ್ತದೆ. ಈ ಎರಡರ ನಡುವಿನ ಸರಿಯಾದ ದಿನವನ್ನು ಕಂಡುಹಿಡಿಯುವುದೇ ಪ್ರಯೋಗಶಾಲೆಯವರ ಜಾಣತನ. ಕಡೆಗೆ ಕೂದಲಿನಂತೆ ಸಣ್ಣ ರಂಧ್ರದ ಗಾಜಿನ ಕೊಳವೆಗಳಲ್ಲಿ ತುಂಬಿ, ತುದಿಗಳನ್ನು ಉರಿಯಲ್ಲಿ ಕರಗಿಸಿ ಮುಚ್ಚುತ್ತಿದ್ದರು.

ಕರುವಿನ ಮೈಯಲ್ಲಿ ಬೆಳೆದ ಆ ಬೀಜವು ಆಕಳ ಸಿಡುಬೇ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಅದು ಬೇರೆಯೆಂದು 1939ರಲ್ಲಿ ಆಲನ್ ಡೌನಿ ತೋರಿಸಿದನು. 1902ರ ಒಂದು ಅಮೆರಿಕನ್ ಲಸಿಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು ಕುದುರೆಯ ಸಿಡುಬಿಗೆ ಅತಿ ಸಮೀಪವಾದುದೆಂದು 2017ರಲ್ಲಿ ಪ್ರಕಟಿಸಿದರು. ‘ಗೋವಿನ ಪ್ರಸಾದ’ವೆಂದು ಹೊಗಳಿದವರೂ ‘ಗೋವಿಗೆ ಅಪಚಾರ’ವೆಂದು ಮುನಿದವರೂ ಅಶ್ವವನ್ನು ಕುರಿತು ವಾದಿಸುತ್ತಿದ್ದರೇನೋ!

ಇನ್ನು ಬೆಳಗಾವಿಯಿಂದ ಹಳ್ಳಿಯ ದಾರಿಯನ್ನು ನೋಡಬೇಕು. ಬೆಳಗಾವಿಯಿಂದ ಹುಕ್ಕೇರಿಗೆ ಸುಮಾರು 30 ಮೈಲು, ಗೋಕಾಕಕ್ಕೆ ಸುಮಾರು 40 ಮೈಲು. ಮೂಡಲಗಿ ಅದಕ್ಕೂ ಆಚೆ. ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳವರೆಗೆ ಉಗಿಬಂಡಿಯುಂಟು, ಹುಕ್ಕೇರಿಗೆ ಅದೂ ಇಲ್ಲ. ನಿಲ್ದಾಣದಿಂದ ಮುಂದೆ ಚಕ್ಕಡಿ, ಇಲ್ಲವೆ ಲಸಿಕೆಗಾರನ ಕಾಲುನಡೆ. ಶೈತ್ಯದಲ್ಲಿ ತಿಂಗಳುಗಟ್ಟಲೆ ಬಾಳುವ ಗ್ಲಿಸರಿನ್ ಲಸಿಕೆಯು ಬೇಸಿಗೆಯ ಕಾವಿನಲ್ಲಿ ಕೆಲವೇ ದಿನಗಳಲ್ಲಿ ನಿಸ್ಸತ್ವವಾಗುತ್ತದೆ. ಗೋಕಾಕದ ಜಲಪಾತದಲ್ಲಿ 1887ರಷ್ಟು ಹಿಂದೆಯೇ ನೀರಿನ ಬಲದಿಂದ ಗಿರಣಿಯ ಚಕ್ರಗಳು ತಿರುಗತೊಡಗಿದವು. ಆದರೆ ಲಸಿಕೆಗಾರನ ಚೀಲಕ್ಕೆ ಬೇಕಾದ ಅಂಗೈಯಗಲದ ಮಂಜುಗಡ್ಡೆಯು ಆ ಕಾಲದ ಹಳ್ಳಿಯ ದಾರಿಯಲ್ಲಿ ಎಲ್ಲಿ ದೊರಕಬೇಕು? ಒದ್ದೆಯ ಬಟ್ಟೆಯೂ ಮಣ್ಣಿನ ಮಡಕೆಯೂ ಎಷ್ಟು ತಂಪು ಕೊಟ್ಟಾವು?

ಇದಕ್ಕಿಂತ ದೊಡ್ಡ ವಿಪರೀತವು ಋತುವಿನದು. ಸಿಡುಬಿನ ಬೇನೆ ಈ ದೇಶದಲ್ಲಿ ಮಾಘ ಫಾಲ್ಗುಣಗಳಲ್ಲಿ ತಲೆಯೆತ್ತಿ ಚೈತ್ರ ವೈಶಾಖಗಳಲ್ಲಿ ಉಗ್ರವಾಗಿ, ಮಳೆ ಬಿದ್ದ ಮೇಲೆ ಇಳಿಯುತ್ತಿತ್ತು. ಬಂಗಾಲದಲ್ಲಿ ಅದಕ್ಕೆ ‘ವಸಂತ’ವೆಂದೇ ಹೆಸರು. ಲಸಿಕೆಯಾದರೋ ಶಾಖವನ್ನು ತಾಳದ ಕಾರಣ ಅದನ್ನು ಹಾಕುವ ಕಾಲವು ಅಕ್ಟೋಬರದಿಂದ ಮಾರ್ಚಿಯವರೆಗೆ ಎಂದು ಗೊತ್ತುಮಾಡಿದ್ದರು. ಅಂದರೆ ಊರಿನ ಬಾಗಿಲುಗಳಿಗೆಲ್ಲ ಬೇವಿನ ಸೊಪ್ಪು ಕಟ್ಟುವ ದಿನಗಳಲ್ಲಿಯೇ ಔಷಧದ ಚೀಲ ಬರಿದು, ಇಲ್ಲವೆ ಚೀಲದಲ್ಲಿದ್ದ ಔಷಧ ಸತ್ತದ್ದು. ಸತ್ತ ಲಸಿಕೆಯನ್ನು ಹಾಕಿದರೆ ಗುಳ್ಳೆ ಏಳುವುದಿಲ್ಲ. ಗೀರು ಮಾತ್ರ ಒಣಗಿಹೋಗುತ್ತದೆ. ಲಸಿಕೆಗಾರನು ತನ್ನ ಪುಸ್ತಕದಲ್ಲಿ ಸಂಖ್ಯೆಯನ್ನು ಬರೆದುಕೊಂಡು ಮುಂದಿನ ಊರಿಗೆ ಹೋಗುವನು. ಮರುವರ್ಷ ಅದೇ ಮಗುವಿಗೆ ಬೇನೆ ಬಂದರೆ, ‘ದೇವಿ ಹಾಕಿಸಿದರೂ ದೇವಿ ಬಂದಳು’ ಎಂದು ಓಣಿಯೆಲ್ಲ ಮಾತಾಗುವುದು. ಆ ಮಾತನ್ನು ಮೂಢನಂಬಿಕೆಯೆಂದು ಕರೆಯುವುದು ನ್ಯಾಯವೆ? ಕಣ್ಣಾರೆ ಕಂಡದ್ದನ್ನೇ ಅವರು ಹೇಳಿದರು. ವರದಿಯ ಅಂಕೆಗಳು ಹೇಳದ ಸತ್ಯ ಆ ಮಾತಿನಲ್ಲಿತ್ತು.

ಔಷಧ ಮಾಡುವ ಮನೆಯ ಮೇಲಿನ ವಿಶ್ವಾಸವು ಎಷ್ಟು ನಾಜೂಕಾದುದೆಂಬುದಕ್ಕೆ ಅದೇ ಕಾಲದ ಪ್ಲೇಗಿನ ಲಸಿಕೆ ಇನ್ನೊಂದು ಸಾಕ್ಷಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನೆರಡು ವರ್ಷಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳನ್ನು ಮುತ್ತಿತು. ಮುಂಬಯಿಯಲ್ಲಿ ವಾಲ್ಡಿಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಸಿ, ಅವುಗಳಿಗೆ ಜೋತುಬೀಳುವಂತೆ ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿ, ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲವನ್ನು ಸೇರಿಸಿ ಲಸಿಕೆಮಾಡಿದನು. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಆದರೆ 1902ರ ಅಕ್ಟೋಬರ 30ರಂದು ಪಂಜಾಬದ ಮಲ್ಕೋವಾಲದಲ್ಲಿ ಒಂದೇ ಶೀಶೆಯ ಲಸಿಕೆಯಿಂದ 19 ಜನರು ಧನುರ್ವಾಯು ಹಿಡಿದು ಸತ್ತರು. ತಯಾರಿಕೆ ಬೇಗ ಆಗಲೆಂದು ಪ್ರಯೋಗಶಾಲೆಯು ಕಾರ್ಬಾಲಿಕ್ಕನ್ನು ಬಿಟ್ಟು ಕಾಯಿಸುವುದರ ಮೇಲೆಯೇ ನಿಂತದ್ದು ತಪ್ಪೆಂದು ಹಾಫ್‌ಕಿನ್ನನನ್ನು ಕೆಲಸದಿಂದ ದೂರವಿಟ್ಟರು. ಶೀಶೆಯನ್ನು ತೆರೆಯುವಾಗ ಆ ಹಳ್ಳಿಯಲ್ಲಿಯೇ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದು ಕಾರಣವೆಂಬ ಪಕ್ಷವು ಬಲಗೊಂಡು, 1907ರಲ್ಲಿ ಅವನು ದೋಷಮುಕ್ತನಾದನು. ಶಾಲೆಯಲ್ಲಿ ಎಷ್ಟು ಶುದ್ಧವಾಗಿ ಮಾಡಿದರೂ ಕಡೆಯ ಹತ್ತು ಗೇಣಿನಲ್ಲಿ ಕೆಡಬಹುದು. ಸಿಡುಬಿನ ಲಸಿಕೆಗೆ ಬಿಸಿಲು, ಪ್ಲೇಗಿನದಕ್ಕೆ ಧೂಳು.

ಬಿಸಿಲಿಗೆ ಉತ್ತರವನ್ನು ಮೊದಲು ಕೊಟ್ಟದ್ದು ಬಿಸಿಲಿನ ನಾಡೇ. ಜಾವಾ ದ್ವೀಪದಲ್ಲಿ ಲೂಯಿಸ್ ಓಟನ್ ಎಂಬ ಡಚ್ ವಿಜ್ಞಾನಿಯು 1920ರ ದಶಕದಲ್ಲಿ ಗಾಳಿ ತೆಗೆದ ಪಾತ್ರೆಯಲ್ಲಿ ಲಸಿಕೆಯನ್ನು ಒಣಗಿಸಿ ಪುಡಿಮಾಡಿದನು. ಅದರ ಬಲದಿಂದ ಆ ದ್ವೀಪಗಳು 1930ರ ದಶಕದ ಕೊನೆಗೆ ಕೆಲಕಾಲ ಸಿಡುಬಿಲ್ಲದೆ ಇದ್ದವು. ಒಣಗಿದ್ದು ಕೆಡದು ಎಂಬುದು ಸಂಡಿಗೆ ಶಾವಿಗೆಗಳನ್ನು ಮಾಡಿಡುವ ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಸಂಗತಿ. ತೊಡಕೇನೆಂದರೆ ಸಂಡಿಗೆಯನ್ನು ಒಣಗಿಸುವ ಬಿಸಿಲೇ ಲಸಿಕೆಯನ್ನು ಕೊಲ್ಲುತ್ತದೆ. ಬಿಸಿಯಿಲ್ಲದೆ ಒಣಗಿಸುವುದು ಹೇಗೆ? ಮೊದಲು ಲಸಿಕೆಯನ್ನು ಹೆಪ್ಪುಗಟ್ಟಿಸಬೇಕು. ಅನಂತರ ಪಾತ್ರೆಯೊಳಗಿನ ಗಾಳಿಯನ್ನು ಯಂತ್ರದಿಂದ ಹೀರಿ ತೆಗೆಯಬೇಕು. ಆಗ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಒಣಗಿದ ಲಸಿಕೆ ಗಾಜಿನ ತಳದಲ್ಲಿ ಉಳಿಯುತ್ತದೆ. 1950ರ ದಶಕದ ಮೊದಲರ್ಧದಲ್ಲಿ ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಇದಕ್ಕೆ ಶೇಕಡಾ 5ರಷ್ಟು ಪೆಪ್ಟೋನನ್ನು ಕೂಡಿಸಿ, ದೊಡ್ಡ ಪ್ರಮಾಣದಲ್ಲಿ ಒಂದೇ ಸಮನಾದ ಲಸಿಕೆ ಮಾಡುವ ಕ್ರಮವನ್ನು ಸಿದ್ಧಪಡಿಸಿದನು. ಅವನು ಅದಕ್ಕೆ ಸ್ವಾಮ್ಯದ ಹಕ್ಕನ್ನು ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟನು.

1956ರಲ್ಲಿ ಬೆಳಗಾವಿ ಜಿಲ್ಲೆಯು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಲಸಿಕಾಗೃಹವೂ ಸೇರಿತು. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯ ಆರಂಭವಾಯಿತು. ಮೊದಲು ಹಳೆಯ ದ್ರವಲಸಿಕೆಯನ್ನೇ ಬಹಳಷ್ಟು ಬಳಸಿದರು. ಬೇಸಿಗೆಯ ಕಥೆಯೂ ಹಳೆಯದೇ ಆಯಿತು. ರಶಿಯಾ ದೇಶವು ಒಣಲಸಿಕೆಯನ್ನು ಅಪಾರವಾಗಿ ದಾನವಾಗಿ ಕಳಿಸಿತು. ಈ ದೇಶದಲ್ಲಿಯೇ ಅದನ್ನು ಮಾಡುವುದಕ್ಕಾಗಿ ನಾಲ್ಕು ಸ್ಥಳಗಳು ಗೊತ್ತಾದವು: ಗಿಂಡಿ, ನೈನಿತಾಲದ ಬಳಿಯ ಪಟವಾಡಾಂಗರ, ಹೈದರಾಬಾದು, ಬೆಳಗಾವಿ. ಯಂತ್ರಸಾಮಗ್ರಿಗೆ ಯುನಿಸೆಫ್ ಸಂಸ್ಥೆ ನೆರವಾಯಿತು.

ಹೊಸ ಕ್ರಮದಲ್ಲಿ ಪರೀಕ್ಷೆಯು ಹಿಂದೆಂದೂ ಇಲ್ಲದಷ್ಟು ಕಠಿಣವಾಯಿತು. ಮರಿಯಾಗುತ್ತಿರುವ ಕೋಳಿಯ ತತ್ತಿಯೊಳಗಿನ ಪೊರೆಯ ಮೇಲೆ ಲಸಿಕೆಯ ಹನಿಯನ್ನು ಬಿಟ್ಟು, ಎದ್ದ ಬಿಳಿಯ ಚುಕ್ಕೆಗಳನ್ನು ಎಣಿಸಿ ಅದರ ಶಕ್ತಿಯನ್ನು ಲೆಕ್ಕಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ 1 ಮಿಲಿಲೀಟರಿನಲ್ಲಿ 10 ಕೋಟಿ ಚುಕ್ಕೆಗಳನ್ನು ಎಬ್ಬಿಸುವಷ್ಟು ಬಲವಿರಬೇಕು. 37 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ 4 ವಾರ ಇಟ್ಟ ಮೇಲೂ ಆ ಬಲ ಉಳಿದಿರಬೇಕು. ಇತರ ಕ್ರಿಮಿಗಳು 1 ಮಿಲಿಲೀಟರಿಗೆ 500ನ್ನು ಮೀರಬಾರದು. ಹೀಗೆ ಗೋಕಾಕದ ಬೇಸಿಗೆಯನ್ನು ಪ್ರಯೋಗಶಾಲೆಯ ಪೆಟ್ಟಿಗೆಯೊಳಗೇ ಮೊದಲು ಬರಿಸಿ ನೋಡಿ, ಅದನ್ನು ದಾಟಿದ ಲಸಿಕೆಯನ್ನು ಮಾತ್ರ ಹೊರಗೆ ಕಳಿಸುವ ಏರ್ಪಾಡಾಯಿತು. ನೂರೈವತ್ತು ವರ್ಷ ಹಳ್ಳಿಯ ಮಕ್ಕಳ ಮೈಮೇಲೆ ನಡೆದ ಪರೀಕ್ಷೆಯು ಕಡೆಗೆ ಗಾಜಿನ ಶೀಶೆಗೆ ವರ್ಗವಾಯಿತು ಎನ್ನಬೇಕು.

ಸೂಜಿಯೂ ಬದಲಾಯಿತು. ಚಕ್ರದಂತೆ ತಿರುಗಿಸಿ ಗಾಯಮಾಡುವ ಹಳೆಯ ಉಪಕರಣವು ನೋವನ್ನೂ ಕೀವನ್ನೂ ಹೆಚ್ಚು ಮಾಡುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ರೂಬಿನ್ ರೂಪಿಸಿದ ಕವಲುತುದಿಯ ಸೂಜಿಯನ್ನು ಲಸಿಕೆಯಲ್ಲಿ ಅದ್ದಿದರೆ ಎರಡು ಕವಲುಗಳ ನಡುವೆ ಒಂದು ಹನಿ ನಿಲ್ಲುತ್ತದೆ. ರಟ್ಟೆಯ ಮೇಲೆ 15 ಸಲ ಚುಚ್ಚಿದರೆ ಕೆಲಸ ಮುಗಿಯಿತು. ಹಿಂದಿನ ಕಾಲುಭಾಗ ಲಸಿಕೆ ಸಾಕು. ಕಲಿಸಲು ಅರ್ಧ ತಾಸೂ ಬೇಡ.

ದಕ್ಷಿಣದ ರಾಜ್ಯಗಳು ಉತ್ತರಕ್ಕಿಂತ ಮೊದಲೇ ಬೇನೆಯಿಂದ ಬಿಡುಗಡೆ ಹೊಂದಿದವು. ಬಿಹಾರ, ಉತ್ತರಪ್ರದೇಶಗಳಲ್ಲಿ 1974ರ ಭೀಕರ ಪ್ರಕೋಪವು ಕಡೆಯದಾಯಿತು. 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಮಗಂಜದಲ್ಲಿ ಕಾಣಿಸಿದ್ದೇ ಈ ದೇಶದ ಕೊನೆಯ ರೋಗಿ. 1977ರ ಏಪ್ರಿಲಿನಲ್ಲಿ ಹಿಂದೂಸ್ಥಾನ, 1980ರ ಮೇ 8ರಂದು ಇಡೀ ಜಗತ್ತು ಮುಕ್ತವೆಂದು ಸಾರಲಾಯಿತು. ಲಸಿಕೆ ಹಾಕುವುದೂ ನಿಂತಿತು. ಯಾವ ಕಾರ್ಖಾನೆಯೂ ತನ್ನ ಸರಕಿನ ಬೇಡಿಕೆ ತೀರಿತೆಂದು ಹಿಗ್ಗುವುದಿಲ್ಲ. ಬೆಳಗಾವಿಯ ಈ ಮನೆಯಲ್ಲಿ ಸಿಡುಬಿನ ಲಸಿಕೆಯ ಕೆಲಸವು ತನ್ನ ಗೆಲುವಿನಿಂದಲೇ ಮುಗಿಯಿತು.

ಟಿಳಕವಾಡಿಯಲ್ಲಿ ಆ ವಿಸ್ತಾರವಾದ ಜಾಗವನ್ನು ಬೆಳಗಾವಿಯ ಜನರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ. ಹಳೆಯ ಮರಗಳ ನೆರಳಿನಲ್ಲಿ ಬೆಳಗಿನ ಹೊತ್ತು ವೃದ್ಧರು ತಿರುಗಾಡುತ್ತಾರೆ. ಬಯಲಿನಲ್ಲಿ ಪ್ರದರ್ಶನಗಳೂ ಸಭೆಗಳೂ ನಡೆಯುತ್ತವೆ. ಅಲ್ಲಿ ಆಡುವ ಮಕ್ಕಳ ರಟ್ಟೆಯ ಮೇಲೆ ಅಜ್ಜಿಯ ರಟ್ಟೆಯ ಮೇಲಿರುವಂಥ ದೇವಿಯ ಕಲೆ ಇಲ್ಲ.